ಗೇರ್ ಹಾಕೋ ಸೂಪರ್ಬ್ ಬೇಕಾ?

ಹಳೆ ಕಾರು ವ್ಯಾಪಾರಿಯೊಬ್ಬರ ಹತ್ರ 2017ರ ಸ್ಕೋಡಾ ಸೂಪರ್ಬ್ ಇದೆ. 1.8 ಲೀಟರ್ ಟಿಎಸ್ಐ (ಟರ್ಬೊ) ಪೆಟ್ರೋಲ್, ಅದೂ ಮ್ಯಾನ್ಯುಯಲ್! ಇಷ್ಟು ದೊಡ್ಡ ಸೆಡಾನ್ ಕೊಳ್ಳೋರು ಆಟೊಮ್ಯಾಟಿಕ್ ಕೇಳೋದೇ ಜಾಸ್ತಿ. ಹಾಗಾಗಿ ಇಂಥದ್ದು ಸಿಗೋದು ಅಪರೂಪ.

ನನ್ನ ತಲೆ ಕೆಡಿಸಿದ್ದು ಟಾರ್ಕ್, ಅಂದ್ರೆ ಇಂಜಿನ್ನಿನ ಎಳೆಯೋ ಬಲ. ಮ್ಯಾನ್ಯುಯಲ್, ಆಟೊಮ್ಯಾಟಿಕ್ ಎರಡರಲ್ಲೂ ಇಂಜಿನ್ ಶಕ್ತಿ 180 ಪಿಎಸ್ಸೇ. ಆದರೆ ಮ್ಯಾನ್ಯುಯಲ್‌ನಲ್ಲಿ 320 ಎನ್ಎಂ, ಆಟೊಮ್ಯಾಟಿಕ್‌ನಲ್ಲಿ ಬರೀ 250. ಅದರ ಏಳು ಗೇರಿನ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಡಿಎಸ್‌ಜಿ ಗೇರ್‌ಬಾಕ್ಸ್ ತಾಳೋದೇ ಅಷ್ಟು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಮೂರನೇ ಗೇರಿಗೆ ಇಳಿಸಿ ಎಳೆದರೆ ಹೇಗಿರುತ್ತೆ ಅಂತ ಯೋಚಿಸಿದರೇ ಖುಷಿ.

ಓಡಿಸಿ ನೋಡಿದೆ. ಸ್ಟೇರಿಂಗ್ ಹಗುರ, ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರಬಹುದು. ಕ್ಲಚ್ ಮಾತ್ರ ಪೆಡಲ್ ಪೂರ್ತಿ ಮೇಲೆ ಬಂದ ಮೇಲೇ ಹಿಡಿಯುತ್ತೆ. ಸವೆದಿರಬೇಕು. ಜೊತೆಗೆ ಇಂಜಿನ್ ಅದುರೋದನ್ನ ತಗ್ಗಿಸೋ ಡ್ಯುಯಲ್ ಮಾಸ್ ಫ್ಲೈವೀಲೂ ಹೋಗಿದ್ದರೆ ಬಿಲ್ಲು ಸುಮ್ನೆ ಇರಲ್ಲ.

"ರೀ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಮ್ಮ ಎಡಗಾಲು ಏನಾಗಬೇಕು?" ಅಂದಳು ಹೆಂಡತಿ. ನಿಜ. ಆದರೆ ನಾನು ಆಫೀಸಿಗೆ ಹೋಗೋದು ಮೆಟ್ರೋದಲ್ಲಿ. ಕಾರು ಹೊರಬರೋದು ಊರಿಗೆ ಹೊರಟಾಗ ಮಾತ್ರ, ಅಲ್ವಾ?

ಶನಿವಾರ ಮೆಕ್ಯಾನಿಕ್‌ನ ಕರೆದುಕೊಂಡು ಹೋಗುತ್ತಿದ್ದೇನೆ. ಕ್ಲಚ್ ಖರ್ಚು ಕಳೆದು ಕೊಟ್ಟರೆ ತಗೊಳ್ಳುತ್ತೇನೆ. ಇಲ್ಲಾಂದ್ರೆ ಬೇಡ.