ಗಾಳಿಗೋಪುರದ ಕೆಳಗೆ ನಿಂತು

ದುಬೈಗೆ ಬಂದು ಎಂಟು ವರ್ಷಗಳಾಗಿದ್ದರೂ, ಊರೊಳಗೆ ಚಾಚಿದ ಕಡಲ ಕವಲಾದ ಕ್ರೀಕ್‌ನ ದಂಡೆಯಲ್ಲಿರುವ ಅಲ್ ಫಾಹಿದಿ ಎಂಬ ಹಳೆಯ ಕೇರಿಯ ಮನೆಯೊಂದರೊಳಗೆ ನಾನು ಮೊದಲು ಕಾಲಿಟ್ಟದ್ದು ಕಳೆದ ಜುಲೈನಲ್ಲಿ. ಹೊರಗೆ ತಾಪ 40 ಡಿಗ್ರಿ ದಾಟಿತ್ತು. ಬರ್ಜೀಲ್‌ನ ನೇರ ಕೆಳಗೆ ನಿಂತಾಗ ನೆತ್ತಿಯ ಮೇಲೆ ಗಾಳಿ ಇಳಿದು, ಬೆವರಿಗೆ ಅಂಟಿದ್ದ ಅಂಗಿ ಬೆನ್ನಿನ ಮೇಲೆ ತಣ್ಣಗಾಯಿತು.

ಬರ್ಜೀಲ್ ಎಂದರೆ ಗಾಳಿಗೋಪುರ. ನಾಲ್ಕೂ ಬದಿ ಬಾಯಿ ತೆರೆದ ಈ ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೋಡೆಗಳು ಹಾದು ಅದನ್ನು ನಾಲ್ಕು ಕೊಳವೆಗಳಾಗಿ ಒಡೆಯುತ್ತವೆ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಆ ಬದಿಯ ಕೊಳವೆ ಅದನ್ನು ಹಿಡಿದು ಕೋಣೆಗೆ ಇಳಿಸುತ್ತದೆ, ಎದುರು ಬದಿಯದು ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆಳೆದು ಹೊರಹಾಕುತ್ತದೆ. ದಕ್ಷಿಣ ಇರಾನಿನ ಬಸ್ತಕ್ ಕಡೆಯಿಂದ 19ನೇ ಶತಮಾನದ ಕೊನೆಯಲ್ಲಿ ಬಂದು ನೆಲೆಸಿದ ವರ್ತಕರು ತಮ್ಮೊಂದಿಗೆ ತಂದ ವಿದ್ಯೆಯಿದು. ಖರ್ಜೂರದ ಗರಿಯ ಅರೀಶ್ ಮನೆಗಳಲ್ಲಿದ್ದವರು ಇದನ್ನೇ ಗೋಣಿಬಟ್ಟೆಯಲ್ಲಿ ಕಟ್ಟಿಕೊಂಡರು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಗೋಡೆ. ಸಮುದ್ರದಿಂದ ತೆಗೆದು ಒಣಗಿಸಿದ ಹವಳದ ಕಲ್ಲನ್ನು ಜಿಪ್ಸಂ ಗಾರೆಯಲ್ಲಿ ಕೂಡಿಸಿ ಎಬ್ಬಿಸಿದ ಗೋಡೆಯದು; ಕಲ್ಲಿನ ತುಂಬ ಸಣ್ಣ ರಂಧ್ರಗಳಿರುವುದರಿಂದ ಹೊರಗಿನ ಬಿಸಿ ಒಳಗೆ ಬರುವುದು ಬಹಳ ನಿಧಾನ. ಉಡುಪಿಯ ನಮ್ಮ ಹಿರಿಯರ ಮನೆಯ ಮುರಕಲ್ಲೂ ಹೀಗೆಯೇ ತೂತುತೂತಾದ ಕಲ್ಲು. ಆದರೆ ಮಳೆಗೆ ಹೆದರಿ ನಾವು ಹೆಂಚಿನ ಮಾಡನ್ನು ಇಳಿಜಾರಾಗಿಸಿ ಜಗಲಿಯಾಚೆಗೂ ಚಾಚಿದೆವು; ವರ್ಷಕ್ಕೆ 100 ಮಿಲಿಮೀಟರಿನ ಆಸುಪಾಸಷ್ಟೇ ಮಳೆ ಕಾಣುವ ಇಲ್ಲಿನವರು ಮಾಳಿಗೆಯನ್ನು ಸಮತಟ್ಟಾಗಿಸಿ ಬೇಸಿಗೆಯ ರಾತ್ರಿ ಅದರ ಮೇಲೆಯೇ ಮಲಗಿದರು. ಆ ಮಾಳಿಗೆಯನ್ನು ಹೊತ್ತದ್ದು ಪೂರ್ವ ಆಫ್ರಿಕಾದಿಂದ ಹಾಯಿಹಡಗಿನಲ್ಲಿ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಮರದ ಗಳುಗಳು. ಗಳುಗಳ ಉದ್ದ ಮೂರು ನಾಲ್ಕು ಮೀಟರ್ ಮಾತ್ರ. ಹೀಗಾಗಿ ಕೋಣೆಗಳ ಅಗಲವೂ ಅಷ್ಟಕ್ಕೇ ನಿಂತಿತು. ಯಜಮಾನ ಎಷ್ಟೇ ಸಿರಿವಂತನಾಗಿದ್ದರೂ ಅವನ ಕೋಣೆಯ ಅಳತೆಯನ್ನು ದೂರದ ಅಳಿವೆಯೊಂದರಲ್ಲಿ ಬೆಳೆದ ಮರ ನಿರ್ಧರಿಸುತ್ತಿತ್ತು!

1980ರ ದಶಕದಲ್ಲಿ ಈ ಕೇರಿಯ ದೊಡ್ಡ ಭಾಗವನ್ನು ಕೆಡವಲಾಯಿತು. ಉಳಿದ ಮನೆಗಳನ್ನು ಈಗ ಜತನದಿಂದ ದುರಸ್ತಿ ಮಾಡಿದ್ದಾರೆ. ಹೊಸ ಕಟ್ಟಡಗಳ ಮೇಲೆಯೂ ಅಲಂಕಾರಕ್ಕೆ ಬರ್ಜೀಲ್‌ನ ಆಕಾರವನ್ನು ಕೂರಿಸುತ್ತಾರೆ, ಆದರೆ ಕೆಳಗಿನ ಕೋಣೆ ಹವಾನಿಯಂತ್ರಕವನ್ನೇ ನೆಚ್ಚಿರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಊರಿನಿಂದ ಬರುವವರಿಗೆ ನನ್ನದೊಂದು ಕೋರಿಕೆ: ಅಲ್ ಫಾಹಿದಿಗೆ ಬಿಸಿಲೇರಿದ ಮಧ್ಯಾಹ್ನವೇ ಬನ್ನಿ. ಡಿಸೆಂಬರಿನ ಸಂಜೆ ಬಂದರೆ ಗೋಪುರ ಕಣ್ಣಿಗೆ ಕಾಣುತ್ತದೆ, ಅದು ಮಾಡುವ ಕೆಲಸ ಮೈಗೆ ತಿಳಿಯುವುದಿಲ್ಲ.