ಲಿನಕ್ಸ್ ಹಾಕಿಕೊಡ್ತೀರಾ?

"ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ವಂತೆ. ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಬದಲು ಲಿನಕ್ಸ್ ಹಾಕಿಕೊಡ್ತೀರಾ ಸಾರ್?"

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇದೇ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ವ್ಯವಸ್ಥೆ. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರುವುದಿಲ್ಲ, ಇಲ್ಲವೇ ಪ್ರೊಸೆಸರ್ ಹಳೆಯದು.

ಹಾಕಿಕೊಡ್ತೀನಿ. ಆದರೆ ಈ ವಾರ ಅಲ್ಲ. ಎರಡು ತಿಂಗಳು ವಿಂಡೋಸ್‌ನಲ್ಲೇ ಇದ್ದು ಬರವಣಿಗೆಗೆ ಲಿಬ್ರೆ ಆಫೀಸ್, ಇಂಟರ್ನೆಟ್‌ಗೆ ಫೈರ್‌ಫಾಕ್ಸ್, ವಿಡಿಯೋಗೆ ವಿಎಲ್‌ಸಿ ಬಳಸಿ. ಈ ಮೂರೂ ಲಿನಕ್ಸ್‌ನಲ್ಲೂ ಸಿಗುತ್ತವೆ. ಅವು ಕೈಗೆ ಹತ್ತಿದರೆ ಅರ್ಧ ದಾರಿ ಬಂದಂತೆ.

ಈ ಬುದ್ಧಿ ನನಗೆ ಬಂದದ್ದು ಮಾವನವರ ಲ್ಯಾಪ್‌ಟಾಪ್‌ ಮೇಲೆ ಕೈಯಾಡಿಸಿದ ಮೇಲೆ. ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್ ಹಾಕಿಬಿಟ್ಟೆ. ಫೈಲುಗಳನ್ನೆಲ್ಲ ಮೊದಲೇ ತೆಗೆದಿಟ್ಟಿದ್ದೆ, ಒಂದೂ ಕಳೆದಿರಲಿಲ್ಲ. ಸಂಜೆ ಅವರು ದೇವಸ್ಥಾನ ಸಮಿತಿಯ ಹತ್ತು ವರ್ಷದ ನಡಾವಳಿ ತೆರೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. "ಇದ್ಯಾವ ಭಾಷೆ ಅಳಿಯಂದ್ರೇ?" ಅಂದರು.

ಲಿನಕ್ಸ್‌ದೇನೂ ತಪ್ಪಿರಲಿಲ್ಲ, ಮೊದಲೇ ನೋಡದ ನನ್ನದು ತಪ್ಪು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ) ಕನ್ನಡದಲ್ಲಿ ಬಳಕೆಗೆ ಬರುವ ಮುಂಚಿನ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಆ ಫಾಂಟನ್ನೇ ಲಿನಕ್ಸ್‌ಗೂ ಹಾಕಿಕೊಂಡರೆ ಓದಲು ಬರುತ್ತದೆ. ಆದರೆ ಪದ ಹುಡುಕಬೇಕು, ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂದರೆ ಯೂನಿಕೋಡ್ ಆಗಲೇಬೇಕು. ಬದಲಾಯಿಸಿಕೊಡುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಮಾತ್ರ ಕೂತು ನೋಡಬೇಕು. ವಿಂಡೋಸ್ ಇರುವಾಗಲೇ ಇದನ್ನು ಮುಗಿಸಿ. (ಲಿನಕ್ಸ್‌ಗೆ ಹೋಗದಿದ್ದರೂ ಮುಗಿಸಿ!)

ಟೈಪಿಂಗ್ ಚಿಂತೆ ಬೇಡ. 'ನುಡಿ'ಯಲ್ಲಿ ರೂಢಿಯಾದ ಕಗಪ ಎಂಬ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಅದನ್ನು ಹಾಕಿಕೊಟ್ಟ ಮೇಲೆಯೇ ಮಾವ ನನ್ನ ಜೊತೆ ಸರಿಯಾಗಿ ಮಾತಾಡಿದ್ದು.

ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ನಡೆಯುತ್ತಿದೆ, ನಮಗೇನು ಕಷ್ಟ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಮಕ್ಕಳು ಮೊದಲ ಪಾಠ ಕಲಿತದ್ದೇ ಅದರಲ್ಲಿ. ಹಳೇ ಫೈಲುಗಳ ಗಂಟು ಅವರ ತಲೆ ಮೇಲಿರಲಿಲ್ಲ, ಅಲ್ವಾ?

ಇನ್ನು ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಇಡುವವರಿಗೆ, ಫೋಟೋಶಾಪ್‌ ನಂಬಿ ಸ್ಟುಡಿಯೋ ನಡೆಸುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಸುಮ್ನೆ ಹೊಟ್ಟೆಪಾಡಿನ ಮೇಲೆ ಪ್ರಯೋಗ ಯಾಕೆ?

ಉಳಿದವರು ಎರಡು ತಿಂಗಳಾದ ಮೇಲೆ ಒಂದು 8 ಜಿಬಿ ಪೆನ್‌ಡ್ರೈವ್ ತನ್ನಿ. ಹಾರ್ಡ್ ಡಿಸ್ಕ್ ಮುಟ್ಟದೆ ಅದರಿಂದಲೇ ಮಿಂಟ್ ನಡೆಸಿ ವೈಫೈ, ಸೌಂಡು ನೋಡೋಣ. ಪ್ರಿಂಟರನ್ನೂ ಹೊತ್ತು ತನ್ನಿ. ಹಟ ಮಾಡಿದರೆ ಅದೇ ಮಾಡುವುದು.