ಘಾಟಿ ಹತ್ತುವುದು ಕಷ್ಟವಲ್ಲವೇ ಎಂದು ಕೇಳುವವರಿಗೆ

ಮಲೆನಾಡಿನಲ್ಲಿ ಸೈಕಲ್ ಪ್ರವಾಸ ಮುಗಿಸಿ ಬಂದೆನೆಂದು ಹೇಳಿದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಅಂಥ ಘಾಟಿಯನ್ನು ಸೈಕಲ್ ತುಳಿದುಕೊಂಡು ಹತ್ತುವುದು ಕಷ್ಟವಲ್ಲವೇ?” ಕಚೇರಿಯ ಸಹೋದ್ಯೋಗಿಗಳು ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು ಕೇಳುತ್ತಾರೆ, ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರಂತೂ ಪ್ರತಿಸಲ ಗಾಳಿ ಹಾಕುವಾಗಲೂ ಕೇಳುತ್ತಾರೆ. ಘಾಟಿ ಅಷ್ಟೇನೂ ಕಷ್ಟವಲ್ಲ, ಕಷ್ಟ ಶುರುವಾಗುವುದು ಘಾಟಿ ಮುಗಿದ ಮೇಲೆ ಎಂದು ನಾನು ಉತ್ತರಿಸಿದರೆ ಅದನ್ನು ಜಂಬವೆಂದೋ ತಮಾಷೆಯೆಂದೋ ತಿಳಿಯುವವರೇ ಹೆಚ್ಚು. ಎರಡೂ ಅಲ್ಲವಾದ್ದರಿಂದ ಇಲ್ಲಿ ಕೊಂಚ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಮತ್ತೆ ಮತ್ತೆ ಹೋಗುವ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಉಡುಪಿ ಜಿಲ್ಲೆಯ ಹೆಬ್ರಿಯಿಂದ ಹೊರಟು, ಸೋಮೇಶ್ವರದ ಮೂಲಕ ಆಗುಂಬೆ ಘಾಟಿ ಹತ್ತಿ, ಅಲ್ಲಿಂದ ಶೃಂಗೇರಿಗೆ ಹೋಗಿ, ಕೊಪ್ಪದ ಮೇಲೆ ತೀರ್ಥಹಳ್ಳಿಗೆ ಇಳಿಯುವುದು. ಕಾರಿನವರು ಇದನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ನನಗೆ ಮೂರು ದಿನ ಬೇಕು. ಮೊದಲ ದಿನ ಸೀತಾ ನದಿಯ ಕಣಿವೆ, ಉಳಿದೆರಡು ದಿನ ತುಂಗೆಯ ಕಣಿವೆ. ಘಟ್ಟದ ಒಂದೇ ಏಣಿನ ಎರಡು ಮಗ್ಗುಲುಗಳಲ್ಲಿ ಹರಿಯುವ ಈ ಎರಡು ನದಿಗಳ ನಡತೆ ಎಷ್ಟು ಬೇರೆಯೆಂದರೆ, ಸೀತೆಯ ಕಡೆಗೆ ಬಿದ್ದ ಮಳೆ ಕೆಲವೇ ಹತ್ತು ಕಿಲೋಮೀಟರುಗಳಲ್ಲಿ ಅರಬ್ಬೀ ಸಮುದ್ರ ಸೇರಿಬಿಡುತ್ತದೆ. ತುಂಗೆಯ ಕಡೆಗೆ ಬಿದ್ದದ್ದು ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಗೆ ಸೇರಿ, ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸೈಕಲ್ ಸವಾರನಿಗೆ ಈ ಭೂಗೋಳ ಪುಸ್ತಕದಲ್ಲಿ ಓದಿ ಮರೆಯುವ ವಿಷಯವಲ್ಲ, ತೊಡೆಯ ಸ್ನಾಯುಗಳಿಗೆ ನೇರವಾಗಿ ತಿಳಿಯುವ ವಿಷಯ.

ಮೊದಲು ಘಾಟಿಯ ಮಾತು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಸೋಮೇಶ್ವರದಿಂದ ಅಲ್ಲಿಗೆ ಹತ್ತು-ಹನ್ನೆರಡು ಕಿಲೋಮೀಟರಿನ ದಾರಿ, 14 ಹೇರ್‌ಪಿನ್ ತಿರುವುಗಳು, 500 ಮೀಟರಿಗೆ ಕಡಿಮೆಯಿಲ್ಲದ ಏರು. ನನ್ನ ತೂಕ, ಸೈಕಲ್ಲಿನ ತೂಕ, ಹಿಂದಿನ ಕ್ಯಾರಿಯರಿನ ಎರಡು ಚೀಲಗಳ ತೂಕ ಎಲ್ಲ ಸೇರಿ ಸುಮಾರು 95 ಕಿಲೋ ಎಂದಿಟ್ಟುಕೊಂಡರೆ, ಅಷ್ಟು ಭಾರವನ್ನು 500 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ 110 ಕಿಲೊಕ್ಯಾಲೊರಿಯಷ್ಟು. ನಮ್ಮ ಸ್ನಾಯುಗಳು ತಿಂದದ್ದರ ಕಾಲು ಭಾಗವನ್ನು ಮಾತ್ರ ಕೆಲಸಕ್ಕೆ ಕೊಟ್ಟು ಉಳಿದದ್ದನ್ನು ಬೆವರಿಗೂ ಬಿಸಿಗೂ ಕಳೆಯುವುದರಿಂದ, ಲೆಕ್ಕ 450 ಕಿಲೊಕ್ಯಾಲೊರಿಯ ಸುತ್ತ ಬಂದು ನಿಲ್ಲುತ್ತದೆ. ಹೆಬ್ರಿಯ ಹೋಟೆಲಿನಲ್ಲಿ ಬೆಳಿಗ್ಗೆ ತಿಂದ ಮೂರು ಬನ್ಸಿಗೆ ಹೆಚ್ಚುಕಡಿಮೆ ಸರಿಹೋಯಿತು.

ಘಾಟಿ ಸುಲಭವೆನ್ನಿಸಲು ಲೆಕ್ಕಕ್ಕಿಂತ ದೊಡ್ಡ ಕಾರಣ ಅದರ ಸ್ವಭಾವ. ಬಸ್ಸೂ ಕಾರೂ ಹತ್ತಬೇಕಾದ ರಸ್ತೆಯಾದ್ದರಿಂದ ಅದನ್ನು ಕಡಿದವರು ಏರನ್ನು ಉದ್ದಕ್ಕೂ ಹಂಚಿಟ್ಟಿದ್ದಾರೆ. ತಿರುವುಗಳ ಹೊರ ಅಂಚನ್ನು ಹಿಡಿದು, ಪೆಡಲಿನ ಬಳಿ ಮುಂದಿರುವ ಚಿಕ್ಕ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಚೈನನ್ನು ಹಾಕಿಕೊಂಡು, ಗಂಟೆಗೆ ಆರು ಕಿಲೋಮೀಟರಿನಂತೆ ಹೋಗುತ್ತಿದ್ದರೆ ಉಸಿರು ತಾನಾಗಿ ಒಂದು ಲಯಕ್ಕೆ ಬರುತ್ತದೆ. ಮೇಲೆ ದಟ್ಟ ನೆರಳು. ಇಂಥ ಕಡೆ ಒಂದೂವರೆ-ಎರಡು ಗಂಟೆ ಎನ್ನುವುದು ದೊಡ್ಡ ಶಿಕ್ಷೆಯಲ್ಲ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ ಎನ್ನುತ್ತೇನೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯಂಚಿನ ಪಾಚಿಯ ಮೇಲೆ ಚಕ್ರ ನಿಲ್ಲುವುದಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಶೃಂಗೇರಿಯ ಎತ್ತರ ಸುಮಾರು 670 ಮೀಟರ್, ತೀರ್ಥಹಳ್ಳಿಯದು 590. ಎರಡೂ ತುಂಗೆಯ ದಡದ ಊರುಗಳು. ನದಿ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತಲೇ ಹೋಗುತ್ತದೆ. ಭೂಪಟ ನೋಡಿದವರು ಇದು ಇಳಿಜಾರಿನ ದಾರಿ, ಪೆಡಲ್ ತುಳಿಯುವ ಕೆಲಸವೂ ಇರಲಾರದು ಎಂದುಕೊಳ್ಳುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಸಂಜೆ ತೀರ್ಥಹಳ್ಳಿಯಲ್ಲಿ ಕೊಠಡಿ ಹಿಡಿದು ಫೋನು ನೋಡಿದರೆ ದಿನದ ಒಟ್ಟು ಏರು 600 ಮೀಟರ್ ದಾಟಿತ್ತು. ಅಂದರೆ ಮೊದಲ ದಿನದ ಘಾಟಿಗಿಂತ ಒಂದು ಕೈ ಮೇಲು.

ಕಾರಣವಿಷ್ಟೇ: ರಸ್ತೆ ನದಿಯ ಜೊತೆಯಲ್ಲಿ ಹೋಗುವುದಿಲ್ಲ. ನೂರಾರು ಮಳೆಗಾಲಗಳು ಕೊರೆದ ಹಳ್ಳಗಳು ಎರಡೂ ಕಡೆಯ ಗುಡ್ಡಗಳಿಂದ ತುಂಗೆಗೆ ಬಂದು ಬೀಳುತ್ತವೆ. ಕಣಿವೆಯ ತಳದ ಸಮತಟ್ಟು ನೆಲವನ್ನೆಲ್ಲ ಗದ್ದೆಯೂ ಅಡಿಕೆ ತೋಟವೂ ಎಂದೋ ಹಿಡಿದುಕೊಂಡಿವೆ. ಉಳಿದ ತಗ್ಗು ಹೊಳೆ ಉಕ್ಕಿದಾಗ ನೀರಿನ ಪಾಲು. ಹೀಗಾಗಿ ರಸ್ತೆ ಗುಡ್ಡದ ಮೈಮೇಲೆ, ಕೊಪ್ಪದಲ್ಲಿ 760 ಮೀಟರಿನವರೆಗೂ ಏರಿ, ಹಳ್ಳಗಳನ್ನು ಅಡ್ಡಲಾಗಿ ಒಂದೊಂದಾಗಿ ದಾಟಿಕೊಂಡು ಸಾಗುತ್ತದೆ. ಪ್ರತಿ ಹಳ್ಳಕ್ಕೂ ಒಂದು ಇಳಿತ, ತಳದಲ್ಲಿ ಒಂದು ಮೋರಿ ಅಥವಾ ಕಿರುಸೇತುವೆ, ಆಮೇಲೆ ಒಂದು ಏರು.

ಇಳಿದದ್ದರ ವೇಗದಲ್ಲೇ ಎದುರಿನ ಏರನ್ನು ಹತ್ತಿಬಿಡಬಹುದಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ತಾತ್ವಿಕವಾಗಿ ಸರಿಯಾದ ಪ್ರಶ್ನೆಯೇ. ಆದರೆ ಮೋರಿ ಇರುವುದು ಸಾಮಾನ್ಯವಾಗಿ ತಿರುವಿನಲ್ಲಿ. ಅಲ್ಲಿ ರಸ್ತೆ ಕಿರಿದಾಗುತ್ತದೆ, ಮರದ ನೆರಳಿಗೆ ನೆಲ ಒಣಗಿರುವುದಿಲ್ಲ, ಎದುರಿನಿಂದ ಬಸ್ಸು ಬರುತ್ತಿದೆಯೋ ಇಲ್ಲವೋ ಕಾಣಿಸುವುದಿಲ್ಲ. ಆದ್ದರಿಂದ ಬ್ರೇಕು ಹಿಡಿಯಲೇಬೇಕು. ಬೆವರು ಸುರಿಸಿ ಗಳಿಸಿದ ಎತ್ತರ ಬ್ರೇಕಿನ ರಬ್ಬರಿನಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ, ಮತ್ತು ಎದುರಿನ ಏರನ್ನು ಸೊನ್ನೆಯಿಂದ ಶುರುಮಾಡಬೇಕಾಗುತ್ತದೆ. ಘಾಟಿಯಲ್ಲಿ ಹತ್ತಿದ ಪ್ರತಿಯೊಂದು ಮೀಟರೂ ಆಗುಂಬೆಯವರೆಗೆ ನಮ್ಮದಾಗಿಯೇ ಉಳಿಯುತ್ತದೆ. ಹಳ್ಳಗಳ ದಾರಿಯಲ್ಲಿ ಗಳಿಸಿದ್ದನ್ನು ಹತ್ತು ನಿಮಿಷಕ್ಕೊಮ್ಮೆ ಕಳೆದುಕೊಳ್ಳುತ್ತಿರುತ್ತೇವೆ. ದಣಿವಿನ ಗುಟ್ಟು ಅದು.

ಎರಡನೆಯ ಸಲ ಹೋದಾಗ ಕೊಪ್ಪ ದಾಟಿದ ಮೇಲೆ ಇಂಥದೊಂದು ಹಳ್ಳದ ತಳದಲ್ಲಿ ಗೇರು ಬದಲಿಸುವುದನ್ನು ತಡಮಾಡಿದೆ. ಏರು ಶುರುವಾಗಿ, ಪೆಡಲಿನ ಮೇಲೆ ಪೂರ್ತಿ ಭಾರ ಬಿದ್ದಿದ್ದಾಗ ಲಿವರ್ ಒತ್ತಿದ್ದರಿಂದ ಚೈನು ಒಳಗಡೆಗೆ ಜಾರಿ, ಮುಂದಿನ ಹಲ್ಲುಚಕ್ರಕ್ಕೂ ಫ್ರೇಮಿಗೂ ನಡುವೆ ಕಚ್ಚಿಕೊಂಡಿತು. ಚೀಲಗಳನ್ನು ಬಿಚ್ಚಿ, ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಮೀಟಿ ಅದನ್ನು ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು, ಎರಡೂ ಕೈ ಮೊಣಕೈವರೆಗೆ ಮಸಿಯಾಗಿತ್ತು. ಮೋರಿಯ ಕೆಳಗೆ ಹರಿಯುವ ನೀರಿನಲ್ಲಿ ಮರಳು ಹಾಕಿ ಉಜ್ಜಿದರೂ ಎಣ್ಣೆ ಹೋಗಲಿಲ್ಲ. ಆವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಹಳ್ಳದ ನೀರಿನ ಸದ್ದು ಕಿವಿಗೆ ಬಿದ್ದೊಡನೆ, ಇನ್ನೂ ಇಳಿಯುತ್ತಿರುವಾಗಲೇ, ಹಗುರವಾಗಿ ಪೆಡಲ್ ತಿರುಗಿಸುತ್ತ ಏರಿನ ಗೇರಿಗೆ ಬಂದುಬಿಡುವುದು. ಮಲೆನಾಡಿನಲ್ಲಿ ಕಣ್ಣಿಗಿಂತ ಕಿವಿಯೇ ಮೊದಲು ಹಳ್ಳವನ್ನು ಗುರುತಿಸುತ್ತದೆ.

ಜರ್ಮನಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಈ ಗೋಳನ್ನೆಲ್ಲ ಕೇಳಿ ನಗುತ್ತಾನೆ. ಅವನು ಪಸ್ಸಾವ್ ಎಂಬ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡಾನ್ಯೂಬ್ ನದಿಯ ದಡದಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದಿದ್ದಾನೆ. ಅಷ್ಟು ದೂರದಲ್ಲಿ ನೆಲ ಇಳಿಯುವುದು ಒಟ್ಟು 150 ಮೀಟರಿನ ಸುಮಾರು. ಅಲ್ಲಿ ದಾರಿ ನದಿಗೆ ಅಂಟಿಕೊಂಡೇ ಸಾಗುವುದಕ್ಕೆ ಒಂದು ಚರಿತ್ರೆಯಿದೆ: ಹಿಂದೆ ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ ಕುದುರೆಗಳಿಂದ ಪ್ರವಾಹಕ್ಕೆದುರಾಗಿ ಎಳೆಸುತ್ತಿದ್ದರು, ಆ ಕುದುರೆಗಳು ನಡೆಯಲು ಮಾಡಿದ ದಂಡೆಯ ಹಾದಿಗಳೇ ಹಲವೆಡೆ ಇಂದು ಸೈಕಲ್ ಹಾದಿಯಾಗಿವೆ. ಬಂಡೆಯಿಂದ ಬಂಡೆಗೆ ಹಾರುವ, ಬೇಸಿಗೆಯಲ್ಲಿ ಮೊಣಕಾಲು ಮುಳುಗದಷ್ಟು ತೆಳ್ಳಗಾಗುವ ಶೃಂಗೇರಿಯ ತುಂಗೆಯಲ್ಲಿ ಸರಕಿನ ದೋಣಿಯನ್ನು ಎಳೆಯುವ ಮಾತೆಲ್ಲಿ? ನದಿ ಹೆದ್ದಾರಿಯಾಗಿದ್ದ ಕಡೆ ರಸ್ತೆ ನದಿಯನ್ನು ಹಿಡಿದು ಹೋಯಿತು. ನಮ್ಮಲ್ಲಿ ಅದು ಮನೆಯಿಂದ ಮನೆಗೆ, ತೋಟದಿಂದ ತೋಟಕ್ಕೆ ಗುಡ್ಡ ಹತ್ತಿಳಿಯಿತು. ನನಗೆ ನಮ್ಮದೇ ಇಷ್ಟ, ಆದರೆ ಅದು ಬೇರೆ ಮಾತು.

ಹೋಗಬೇಕೆಂದಿರುವವರಿಗೆ ಒಂದೆರಡು ವಿಷಯ ಹೇಳಬಹುದು. ದುಬಾರಿ ಸೈಕಲ್ ಬೇಕಾಗಿಲ್ಲ, ಆದರೆ ಮುಂದಿನ ಚಿಕ್ಕ ಚಕ್ರದ ಹಲ್ಲುಗಳು ಹಿಂದಿನ ದೊಡ್ಡ ಚಕ್ರದ ಹಲ್ಲುಗಳಿಗಿಂತ ಕಡಿಮೆ ಇರಲೇಬೇಕು. ನನ್ನದರಲ್ಲಿ ಮುಂದೆ 24, ಹಿಂದೆ 34. ದಿನಕ್ಕೆ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಹೊರಡುವ ಮೊದಲು ಬ್ರೇಕಿನ ರಬ್ಬರು ಹೊಸದು ಹಾಕಿಸಿ, ಏಕೆಂದರೆ ಈ ಸೀಮೆಯಲ್ಲಿ ಸವೆಯುವುದು ಟೈರಿಗಿಂತ ಮೊದಲು ಅದೇ.

ಇನ್ನು ದೂರ ಅಳೆಯುವ ಬಗೆ. ಮೂರನೆಯ ಸಲ ಬಂದಾಗ ತೀರ್ಥಹಳ್ಳಿಯ ಕಡೆಗೆ ಹೋಗುತ್ತ, ಬಿಸಿಲು ಹೆಚ್ಚಾಗಿ, ರಸ್ತೆಬದಿಯ ಒಂಟಿ ಮನೆಯೊಂದರ ಅಂಗಳದಲ್ಲಿ ನೀರು ಕೇಳಿದೆ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ ಒಳಗೆ ಕೂಗಿ, ಬೆಲ್ಲದ ಚೂರಿನ ಜೊತೆಗೆ ಒಂದು ಚೊಂಬು ನೀರು ತರಿಸಿಕೊಟ್ಟು, ಸೈಕಲ್ಲನ್ನು ಮೇಲಿನಿಂದ ಕೆಳಗೆ ನೋಡಿದರು. “ಎಂತ ಮಾರಾಯ್ರೆ, ಬಸ್ಸಿರ್ಲಿಲ್ವಾ?” ಎಂದರು. ಇತ್ತು ಎಂದೆ. ಮುಂದಿನ ಊರು ಎಷ್ಟು ದೂರ ಎಂದು ಕೇಳಿದ್ದಕ್ಕೆ ಕಿಲೋಮೀಟರಿನ ಗೊಡವೆಗೇ ಹೋಗದೆ, “ಇಲ್ಲಿಂದ ಮೂರು ಹಳ್ಳ, ಕಡೇದು ಸ್ವಲ್ಪ ಆಳ ಉಂಟು” ಎಂದರು. ಫೋನಿನ ನಕ್ಷೆ ಅದೇ ದಾರಿಯನ್ನು ಹದಿನೈದು ನಿಮಿಷವೆಂದು ತೋರಿಸುತ್ತಿತ್ತು. ನನಗೆ ಹಿಡಿದದ್ದು ಒಂದು ಗಂಟೆಗೆ ಐದು ನಿಮಿಷ ಕಡಿಮೆ, ಮತ್ತು ಮೂರನೆಯ ಹಳ್ಳದ ಏರಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡೇ ಹೋದೆ.